ಬಂದವರ ಸಾಲು

ಹಿಲೋ
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಕಿಯೋಮಿ,

ಹೇಗಿದ್ದೀಯ ಮಗಳೇ? ಹೊಸ ವರ್ಷಕ್ಕೆ ನೀನು ಕಳಿಸಿದ ಕಾರ್ಡಿಗೆ ಮಾರ್ಚಿನಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಮಳೆ ಬಿಸಿಲಿನ ಸುದ್ದಿಯನ್ನೇ ಬರೆದು ಹರಿದುಹಾಕಿದೆ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ಅಂಗಡಿ ಮುಚ್ಚಿದ ಮೇಲೂ ಅಪ್ಪ ನಸುಕಿನಲ್ಲೇ ಎದ್ದು ನೂಡಲ್ಸಿಗೆ ಹಿಟ್ಟು ನಾದುತ್ತಾರೆ. ಗಿರಾಕಿ ನಾನೊಬ್ಬಳೇ. ಮೂರು ಹೊತ್ತೂ ಅದನ್ನೇ ತಿಂದು ನನ್ನ ಮುಖವೂ ಉದ್ದವಾಗುತ್ತಿದೆ.

ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ನಿಮ್ಮಪ್ಪನಿಗೆ ಅರವತ್ತಾಯಿತು. ಹುಟ್ಟುಹಬ್ಬಕ್ಕೆಂದು ನಾವಿಬ್ಬರೂ ಲಾಸ್ ವೇಗಸ್ಸಿಗೆ ಬಂದಿದ್ದೆವು. ನಿನ್ನ ಊರಿಗೆ ಬಂದು, ನಿನಗೆ ಹೇಳದೆ ವಾಪಸಾದೆವು.

ಅರವತ್ತಕ್ಕೆ ಮನುಷ್ಯ ಮತ್ತೆ ಕೂಸಾಗುತ್ತಾನೆಂದು ಕೆಂಪು ಟೋಪಿ ಹಾಕುತ್ತೇವಲ್ಲ, ಅದನ್ನು ಮಕ್ಕಳು ಹೊಲಿದುಕೊಡಬೇಕು. ನಾನೇ ಹೊಲಿದೆ. ಅಪ್ಪ ಅದನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿ, "ನಿನ್ ಕೈದೇ" ಅಂದರು. ಆಮೇಲೆ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದರು. ಅದರ ಮೇಲೆ ಒಂದು ಡಬ್ಬಿ ತುಂಬ ಅಂದಾಗಿ. ನೀನು ಚಿಕ್ಕವಳಿದ್ದಾಗ ಬಾಣಲೆಯಿಂದಲೇ ಕದಿಯುತ್ತಿದ್ದ ಆ ಸಿಹಿ ಉಂಡೆಗಳನ್ನು ಹಿಂದಿನ ದಿನವೆಲ್ಲ ಕೂತು ತಾವೇ ಕರಿದಿದ್ದರು. ಯಾರಿಗೆ ಎಂದು ನಾನು ಕೇಳಲಿಲ್ಲ.

ಹಳೇ ಪೇಟೆಯಲ್ಲಿ ನಮ್ಮ ದ್ವೀಪದವರೇ ತುಂಬಿಕೊಂಡಿರುವ ಆ ಹೋಟೆಲಿನಲ್ಲಿ ಇಳಿದೆವು. ಹಿಲೋದಲ್ಲಿ ವರ್ಷಗಟ್ಟಲೆ ಕಾಣದ ಹಲ್ಲಿನ ಡಾಕ್ಟರು ಲಿಫ್ಟಿನಲ್ಲೇ ಸಿಕ್ಕಿ, ಅಲ್ಲೇ ಅಪ್ಪನ ಬಾಯಿ ತೆರೆಸಿ ನೋಡಿದರು. ಕೆಳಗೆ ಎತ್ತಿನ ಬಾಲದ ಸೂಪು ಬಡಿಸುವ ಲುವಾನಾ ಆಂಟಿ ಇನ್ನೂ ಅಲ್ಲೇ ಇದ್ದಾಳೆ. ನಮ್ಮನ್ನು ನೋಡಿದ ಕೂಡಲೇ ನಿನ್ನನ್ನು ಕೇಳಿದಳು. ಅಪ್ಪ ಸೂಪಿಗೆ ಶುಂಠಿ ಸಾಲದು ಅಂದರು.

ಎರಡನೆಯ ದಿನ ನೀನು ಕೆಲಸ ಮಾಡುವ ದೊಡ್ಡ ಹೋಟೆಲಿಗೆ ಹೋದೆವು. ನೀನು ಅಲ್ಲಿ ಇಸ್ಪೀಟು ಹಂಚುತ್ತೀಯೆಂದು ನನಗೆ ಗೊತ್ತು, ಅಪ್ಪನಿಗೂ ಗೊತ್ತಿದೆಯೆಂದು ನನಗೆ ಗೊತ್ತು. ಇಬ್ಬರೂ ಅದರೊಳಗಿನ ಕಾಲುವೆಯ ದೋಣಿ ನೋಡಲು ಹೊರಟವರಂತೆ ಹೊರಟೆವು. ನಿನಗೆ ಆ ಜಾಗ ದಿನದ ದುಡಿಮೆಯದು, ನನಗೋ ಕನಸು. ಹೊರಗೆ ಬೆಳಗಿನ ಹತ್ತು ಗಂಟೆಯ ಬಿಸಿಲು. ಒಳಗೆ ಬಣ್ಣ ಬಳಿದ ಆಕಾಶ, ಅದರಲ್ಲಿ ಯಾವತ್ತೂ ಸಂಜೆ. ಮೋಡಗಳು ನಿಂತಲ್ಲೇ ನಿಂತಿದ್ದವು. ಕಾಲುವೆಯಲ್ಲಿ ದೋಣಿಯವನು ಹಾಡುತ್ತಾ ಹೋದ, ಹಾಡು ತಿರುವಿನಾಚೆ ಮುಳುಗಿ ಮತ್ತೆಲ್ಲೋ ಮೇಲೆದ್ದಿತು. ಅಪ್ಪ ನನ್ನ ಕೈ ಹಿಡಿದುಕೊಂಡರು. ನಮ್ಮ ಮದುವೆಯ ವಾರ ಹಿಡಿದಿದ್ದೇ ಕೊನೆ ಎಂದು ಕಾಣುತ್ತದೆ.

"ಇಲ್ಲಿ ಕತ್ಲೇನೇ ಆಗಲ್ಲ ಕಣೇ," ಅಂದರು. "ಇಲ್ಲೇ ಇದ್ಬಿಟ್ರೆ ವಯಸ್ಸೂ ಆಗಲ್ವೇನೋ."

ಆ ಆಕಾಶದ ಕೆಳಗೆ ನಡೆಯುತ್ತಾ ನಡೆಯುತ್ತಾ ನಿನ್ನ ಅಜ್ಜಿ ಇನ್ನೂ ಬದುಕಿದ್ದಾರೆ, ನೀನು ಇನ್ನೂ ಅಂಗಡಿಯ ಗಲ್ಲಾದ ಮೇಲೆ ಕೂತು ಕಾಲು ಆಡಿಸುತ್ತಿದ್ದೀಯ ಅನಿಸಿತು. ಸುಖವಾಗಿತ್ತು ಕಿಯೋಮಿ. ಇಸ್ಪೀಟಿನ ಮೇಜುಗಳ ಕಡೆಗೆ ನಮ್ಮಿಬ್ಬರ ಕಾಲೂ ತಿರುಗಲಿಲ್ಲ.

ಅಜ್ಜಿಯ ಅಂತ್ಯಕ್ರಿಯೆಯ ದಿನ ಬುದ್ಧನ ಗುಡಿಯಲ್ಲಿ, ಮನೆಯವರ ಸಾಲಿಗೆ ಬಂದ ನಿನಗೆ ಅಪ್ಪ ಎಲ್ಲರೆದುರು, "ಇಲ್ಲಿ ಜಾಗ ಇಲ್ಲ. ಹಿಂದೆ, ಬಂದವರ ಸಾಲಲ್ಲಿ ಕೂತ್ಕೋ" ಅಂದದ್ದನ್ನು ನೀನು ಮರೆತಿಲ್ಲ, ಮರೆಯಲೂ ಆಗದು. ಸ್ವಂತ ಅಜ್ಜಿಗೆ ಧೂಪ ಹಾಕಲು ನೀನು ಅಕ್ಕಪಕ್ಕದವರ ಜೊತೆ ಸರದಿಯಲ್ಲಿ ನಿಂತೆ. ಅಂದಿನಿಂದ ಇಂದಿನವರೆಗೆ ನೀವಿಬ್ಬರೂ ಒಂದು ಮಾತೂ ಆಡಿಲ್ಲ. ಈ ಸಲ ಹೇಗಾದರೂ ಮಾಡಿ ಮಾತಾಡಿಸಿಯೇ ಬರಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದೆ.

ಮೂರನೆಯ ದಿನ ಬೆಳಿಗ್ಗೆ ಅಪ್ಪ, ಸ್ವಲ್ಪ ನಡೆದಾಡಿ ಬರುತ್ತೇನೆ ಅಂದರು. ನಡೆದಾಡಲು ಹೊರಟವರ ತಲೆ ಮೇಲೆ ಕೆಂಪು ಟೋಪಿ, ಕಂಕುಳಲ್ಲಿ ಅಂದಾಗಿಯ ಡಬ್ಬಿ. ನಾನು ಹಿಂದೆಯೇ ಹೋದೆ. ನಿನ್ನ ಹೋಟೆಲಿನೊಳಗೆ ಕಂಬವೊಂದರ ಮರೆಯಲ್ಲಿ ನಿಂತೆ. ಯಾಕೆ ಮುಂದೆ ಬರಲಿಲ್ಲ ಎಂದು ಕೇಳಬೇಡ, ಅದನ್ನು ಬರೆಯಲು ಕೈ ಬರುತ್ತಿಲ್ಲ.

ಅವರು ನಿನ್ನ ಮೇಜಿನ ಕೊನೆಯ ಕುರ್ಚಿಯಲ್ಲಿ ಕೂತರು. ನೀನು ಆಟ ಮುಗಿಸಿ ತಲೆ ಎತ್ತಿದೆ. ಎಲೆಗಳ ಮೇಲಿದ್ದ ನಿನ್ನ ಕೈ ಹಾಗೇ ನಿಂತಿತು. ಕೈ ಎತ್ತಿ ಮೇಲ್ವಿಚಾರಕನನ್ನು ಕರೆದೆ, ಅವನ ಕಿವಿಯಲ್ಲಿ ಏನೋ ಅಂದೆ. ನಿನ್ನ ಜಾಗಕ್ಕೆ ಇನ್ನೊಬ್ಬಳು ಬಂದಳು. ನೀನು ಒಮ್ಮೆ ಚಪ್ಪಾಳೆ ತಟ್ಟಿ, ಎರಡೂ ಅಂಗೈಗಳನ್ನು ಮೇಲೆ ಕೆಳಗೆ ಮಾಡಿ ತೋರಿಸಿ, ತಿರುಗಿ ನೋಡದೆ ಹೊರಟುಹೋದೆ.

ಅಪ್ಪ ನಾವು ಇಳಿದಿದ್ದ ಹೋಟೆಲಿಗೆ ಬಂದು ಡಬ್ಬಿಯನ್ನು ಲುವಾನಾಳ ಮುಂದಿಟ್ಟು, ಯಾರಿಗಾದರೂ ಹಂಚಿಬಿಡು ಅಂದರು. ಅವಳು ಬಿಡುವ ಹೆಂಗಸೇ? ಏನಾಯಿತೆಂದು ಕೇಳಿದಳು. ಅಪ್ಪ ಸೂಪಿನ ಬಟ್ಟಲನ್ನೇ ನೋಡುತ್ತಾ ಹೇಳಿದರು: "ಕೈ ಕೊಡವಿ ತೋರಿಸಿದ್ಳು, ಲುವಾನಾ. ನಿಂಗೂ ನಂಗೂ ಏನೂ ಉಳಿದಿಲ್ಲ ಅಂತ. ನಾನು ಬಂದವರ ಸಾಲಲ್ಲೇ ಕೂತಿದ್ದೆ."

ಲುವಾನಾ ನಕ್ಕೇ ನಕ್ಕಳು. ಅವಳ ಮಗನದೂ ನಿನ್ನದೇ ಕೆಲಸವಂತೆ. ಮೇಜು ಬಿಡುವಾಗ ಕೈಯಲ್ಲಿ ಏನೂ ಬಚ್ಚಿಟ್ಟುಕೊಂಡಿಲ್ಲ ಎಂದು ಮೇಲಿನ ಕ್ಯಾಮೆರಾಗೆ ಎಲ್ಲರೂ ಹಾಗೆ ತೋರಿಸಲೇಬೇಕಂತೆ. ಅಭ್ಯಾಸವಾಗಿ ಅವನು ಮನೆಯಲ್ಲಿ ಊಟ ಮುಗಿಸಿ ಏಳುವಾಗಲೂ ಅಂಗೈ ತೋರಿಸಿಯೇ ಏಳುವುದಂತೆ. ಆಮೇಲೆ ಅವಳು ನಗು ನಿಲ್ಲಿಸಿ ಅಪ್ಪನ ಕಡೆ ತಿರುಗಿದಳು.

"ಇನ್ನೊಂದು ಕೇಳು, ವೆಂಡಲ್. ಅವ್ರ ಕೆಲಸದಲ್ಲಿ ಸ್ವಂತದವ್ರಿಗೆ ಎಲೆ ಹಂಚೋ ಹಾಗಿಲ್ಲ. ನೀನು ಯಾರೋ ಆಗಿದ್ರೆ ನಿಂಗೂ ಎರಡು ಎಲೆ ಹಾಕಿ ಸುಮ್ನಾಗ್ತಿದ್ಲು. ಇವ್ರು ನಮ್ಮಪ್ಪ ಅಂದಿರ್ತಾಳೆ, ಅದಕ್ಕೇ ಅವಳನ್ನ ಆ ಮೇಜಿಂದ ಕಳಿಸಿದ್ದಾರೆ."

ಅಪ್ಪ ಚಮಚ ಕೆಳಗಿಟ್ಟರು. ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಮಧ್ಯಾಹ್ನವೇ ನಮ್ಮ ವಿಮಾನ. ದಾರಿಯುದ್ದಕ್ಕೂ ಮೋಡಗಳ ಮೇಲೆ ತೇಲುವಾಗ ಆ ಬಣ್ಣದ ಆಕಾಶದಿಂದ ನಾವಿನ್ನೂ ಹೊರಗೇ ಬಂದಿಲ್ಲವೇನೋ ಅನ್ನಿಸುತ್ತಿತ್ತು. ಅಪ್ಪ ನಿದ್ದೆ ಹೋಗುತ್ತಾರೆ, ಎಚ್ಚರಾಗುತ್ತಾರೆ, "ಹಾಗಂತಾನೇ ಅಂದಿರ್ತಾಳಾ?" ಎಂದು ಕೇಳುತ್ತಾರೆ. ನಾನು ಹೂಂ ಅನ್ನುತ್ತೇನೆ. ಇಲ್ಲಿಗೆ ಬಂದ ಮೇಲೂ ಹಿಟ್ಟು ನಾದುತ್ತಾ ಮಧ್ಯೆ ಮಧ್ಯೆ ಕೇಳುತ್ತಾರೆ.

ಆ ಮೇಲ್ವಿಚಾರಕನ ಕಿವಿಯಲ್ಲಿ ಏನು ಹೇಳಿದೆ ಮಗಳೇ? ತಲೆನೋವು ಅಂದಿದ್ದರೆ ನನಗೆ ಮಾತ್ರ ಬರೆ. ಇನ್ನೊಂದನ್ನು ಅಂದಿದ್ದರೆ ಅಪ್ಪನ ಹೆಸರಿಗೇ ಬರೆ. ಡಬ್ಬಿಯನ್ನು ಲುವಾನಾ ಯಾರಿಗೂ ಹಂಚಲಿಲ್ಲ, ಅವಳ ಮಗ ಅದನ್ನು ನಿನಗೆ ತಲುಪಿಸಿರಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಂತು ನಿಂತು ಕಾಲು ಊದಿಸಿಕೊಳ್ಳಬೇಡ. ದಿನವಿಡೀ ಹಂಚುವ ನಿನ್ನ ಕೈಗೆ ಎಂದೂ ನೋವು ಬಾರದಿರಲಿ, ಒಳ್ಳೆಯ ಜನ ನಿನ್ನ ಸುತ್ತ ಇರಲಿ.

ನಿನ್ನ ಅಮ್ಮ,
ಜೋಯ್ಸ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅವತ್ತು ಗುಡಿಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ನೀನು ಬಾಗಿಲಲ್ಲಿ ಬರುವುದನ್ನು ಕಂಡು ಅದರ ಮೇಲೆ ನನ್ನ ಕರಿ ಬ್ಯಾಗು ಇಟ್ಟವಳು ನಾನು. ಅಜ್ಜಿ ಹಾಸಿಗೆ ಹಿಡಿದ ಎಂಟು ತಿಂಗಳಲ್ಲಿ ನೀನು ಒಮ್ಮೆಯೂ ಬರಲಿಲ್ಲವೆಂಬ ಸಿಟ್ಟಿತ್ತು. ಗುಡಿಯ ಹೆಂಗಸರೆದುರು ಜೂಜಿನ ಮೇಜಿನ ಮಗಳೆಂಬ ನಾಚಿಕೆಯೂ ಇತ್ತು. ಅಪ್ಪ ಬ್ಯಾಗನ್ನು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ನಿನಗೆ ಜಾಗ ಇಲ್ಲ ಅಂದರು. ಇಷ್ಟು ವರ್ಷ ನಿನ್ನ ಕೋಪವನ್ನು ತಾವೇ ಹೊತ್ತುಕೊಂಡರು, ಒಂದು ದಿನವೂ ಅದನ್ನು ನನ್ನ ಮುಂದೆ ಎತ್ತಿ ಆಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಅಜ್ಜಿಯ ಏಳನೇ ವರ್ಷದ ಪೂಜೆ. ನೀನು ಬಂದರೂ ಬಾರದಿದ್ದರೂ ಬ್ಯಾಗು ನನ್ನ ಮಡಿಲಲ್ಲಿರುತ್ತದೆ.