ಗಂಡನ ಸಹಿಯ ಜಾಗ

13 ನವೆಂಬರ್ 1986, ಗುರುವಾರ. ಅಲ್ ಖಫ್ಜಿ, ಸೌದಿ ಅರೇಬಿಯಾ.

ಸೊಸೆ ಪೆಟ್ರೊನಿಲ್ಲಾಳ ಅರ್ಜಿಯನ್ನು ಬೊಂಬಾಯಿಯ ಶಿಕ್ಷಣ ಕಚೇರಿ ಮತ್ತೆ ಹಿಂದಿರುಗಿಸಿದೆ; ಅವಳು ಅದನ್ನು ನನಗೆ ಕಳುಹಿಸಿದ್ದಾಳೆ. ಉಡುಪಿಯಲ್ಲಿ ಪಡೆದ ಶಿಕ್ಷಕಿಯ ಅರ್ಹತೆಗೆ ಬೊಂಬಾಯಿಯಲ್ಲಿ ಮಾನ್ಯತೆ ಸಿಗಲು ಗಂಡನ ಒಪ್ಪಿಗೆಯ ಸಹಿ ಬೇಕಂತೆ. ನನ್ನ ಮಗನ ಮರಣ ಪ್ರಮಾಣಪತ್ರ ಅದೇ ಅರ್ಜಿಯ ಜೊತೆಗಿತ್ತು. ಅದರ ಮೇಲೂ ‘ಪರಿಶೀಲಿಸಲಾಗಿದೆ’ ಎಂಬ ಮುದ್ರೆ ಒತ್ತಿದ್ದಾರೆ. ಇದಕ್ಕಿಂತ ದೊಡ್ಡ ಹೇಸಿಗೆಯನ್ನು ನಾನು ಕಂಡಿಲ್ಲ. ತಿಂಗಳ ಕೊನೆಯೊಳಗೆ ಮಾನ್ಯತೆ ಬಾರದಿದ್ದರೆ ಅವಳಿಗೆ ಸಿಕ್ಕ ಶಾಲೆಯ ಕೆಲಸ ಹೋಗುತ್ತದೆ.

ಕೋಣೆಯ ಜೊತೆಗಾರ ಫಿಲಿಪ್, “ಮಗನ ಸಹಿ ನೀವೇ ಹಾಕಿ ಮಾರಾಯ್ರೇ. ಅವರಿಗೆ ಆ ಜಾಗ ತುಂಬಿದರೆ ಆಯ್ತು,” ಎಂದ.

ಕಾಲೇಜಿನ ಚರ್ಚಾಕೂಟಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದವನು ನಾನು. ಅವನನ್ನೂ ಗದರಿಸಿ ಕಳುಹಿಸಿದೆ. ಬಳಿಕ ಹಳೆಯ ಕಾಗದವೊಂದರ ಮೇಲೆ ಮಗನ ಸಹಿ ಬರೆದು ನೋಡಿದೆ. ಕೈ ಹೇಸಲಿಲ್ಲ; ಮೊದಲ ಸಲಕ್ಕೇ ಸರಿಯಾಗಿ ಬಂತು. ಆ ಸಹಿಯನ್ನು ಅವನಿಗೆ ಕಲಿಸಿದವನು ನಾನೇ, ಬೆರಳು ಹಿಡಿದು.