ಮಹಡಿ ಬಾಗಿಲಿನ ಸರಪಳಿ

ಹಳೇ ದಿಲ್ಲಿ
೧೪-೧೧-೨೦೦೬

ವತ್ಸಲಾ ಮೇಡಂ ಅವರಿಗೆ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನೀವು ಭಾನುವಾರಗಳಲ್ಲಿ ಜನರಿಗೆ ತೋರಿಸುವ ಹಳೇ ಹವೇಲಿಯ ಉಸ್ತುವಾರಿ ನೋಡಿಕೊಳ್ಳುವವರ ಹೆಂಡತಿ. ಹಿಂದೆ ಹೆಂಗಸರಿಗೆಂದು ಕಟ್ಟಿಸಿದ ಮಹಡಿಯ ಕೋಣೆಗಳಲ್ಲೇ ನಮ್ಮ ವಾಸ. ಮೊನ್ನೆ ನೀವು ಕರ್ನಾಟಕದವರಿಗೆ ಕನ್ನಡದಲ್ಲೇ ವಿವರಿಸಿದಿರಿ. ಎರಡು ವರ್ಷದಿಂದ ಬೇರೆಯವರ ಬಾಯಲ್ಲಿ ಕನ್ನಡ ಕೇಳಿರಲಿಲ್ಲ. ಕಲ್ಲಿನ ಜಾಲರಿಗೆ ಕಿವಿಗೊಟ್ಟು ನಿಂತಿದ್ದೆ. ನಮ್ಮ ಯಜಮಾನರು ನಿಮ್ಮ ಪಕ್ಕದಲ್ಲೇ ಇದ್ದರು, ಹಾಗಾಗಿ ಮಾತನಾಡಿಸಲಿಲ್ಲ.

ನೀವು ಹೇಳಿದ್ದರಲ್ಲಿ ಒಂದು ತಪ್ಪಿದೆ. "ಮೇಲಿನ ಬಾಗಿಲಿಗೆ ಒಳಗಡೆಯೂ ಚಿಲಕ ಇತ್ತು, ನೂರೈವತ್ತು ವರ್ಷದಲ್ಲಿ ಬಿದ್ದುಹೋಗಿರಬೇಕು" ಎಂದಿರಿ. ಇರಲಿಲ್ಲ ಮೇಡಂ. ಒಳಗಿನ ಮರವನ್ನು ಇಂಚಿಂಚೂ ಸವರಿ ನೋಡಿದ್ದೇನೆ, ಒಂದು ಮೊಳೆಯ ತೂತೂ ಇಲ್ಲ. ಹೊರಗಿನ ಸರಪಳಿ ಮಾತ್ರ ಆ ಕಾಲದ್ದೇ, ಈಗಲೂ ಗಟ್ಟಿಯಾಗಿದೆ. ಯಜಮಾನರು ಕೆಳಗಿಳಿದಾಗೆಲ್ಲ ಅದನ್ನು ಹಾಕಿಕೊಂಡೇ ಹೋಗುತ್ತಾರೆ. "ದಿಲ್ಲಿ ಸರಿಯಿಲ್ಲ ಕಣೇ" ಅನ್ನುತ್ತಾರೆ. ಸರಪಳಿ ತೆಗೆಸಿಬಿಡಿ ಎಂದರೆ, "ಹಳೇದನ್ನ ಕೀಳೋ ಹಾಗಿಲ್ಲ, ರೂಲ್ಸು" ಅನ್ನುತ್ತಾರೆ.

ತರಕಾರಿ ಭಯ್ಯಾನಿಗೆ ಕಿಟಕಿಯಿಂದ ಇಳಿಬಿಡುವ ಬುಟ್ಟಿಯಲ್ಲಿ ಈ ಕಾಗದ ಇಡುತ್ತಿದ್ದೇನೆ. ನಿಮಗೆ ತಲುಪಿಸುತ್ತಾನೆ. ದಯವಿಟ್ಟು ಉತ್ತರ ಬರೆಯಬೇಡಿ, ಟಪಾಲು ಮೊದಲು ಅವರ ಕೈಗೇ ಸೇರುತ್ತದೆ.

ಬರುವ ಭಾನುವಾರ ಜನರನ್ನು ಮಹಡಿಗೂ ಕರೆತನ್ನಿ. ಆ ಸರಪಳಿಯನ್ನು ಹೇಗೆ ತೆಗೆಯುತ್ತಿದ್ದರೆಂದು ಎಲ್ಲರ ಎದುರಿಗೆ ತೆಗೆದು ತೋರಿಸಿ. ಒಳಗೆ ನಾನು ಚಪ್ಪಲಿ ಹಾಕಿಕೊಂಡೇ ನಿಂತಿರುತ್ತೇನೆ.

ಇತಿ,
ಸುಗುಣಾ