ತೋಳು ಮಾಸಿದ ಕೋಟಿನ ಡಾಕ್ಟರಮ್ಮ

ಮನೆಯಿಂದ,
ಒಂಬತ್ತನೆಯ ತಾರೀಖು, ಗುರುವಾರ ಸಂಜೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೇ? ಇಂಜಿನ್ನಿನ ಕಿಟಕಿಯಿಂದ ಗಾಳಿ ಹೊಡೆಯುತ್ತದೆ ಅಂತ ಬರೆದಿದ್ದೆ. ಕಿವಿಗೆ ಬಟ್ಟೆ ಕಟ್ಟಿಕೋ. ರೈಲು ಓಡಿಸಲು ಕಲಿಯುವವಳು ಕಿವಿಗೆ ಬಟ್ಟೆ ಕಟ್ಟಿಕೊಂಡರೆ ಯಾರೂ ನಗುವುದಿಲ್ಲ. ನಕ್ಕರೂ ನಕ್ಕವರು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ, ನೀನು ಮುಂದೆ ಹೋಗಿರುತ್ತೀಯ.

ಈಗ ಕತೆ ಕೇಳು. ಇದನ್ನು ಮೊದಲು ಹೇಳಿದವರು ನಿಮ್ಮಪ್ಪ, ಇವತ್ತು ಸಂಜೆ ಐದು ಗಂಟೆಗೆ, ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತು. ಕೇಳಿದವರು ಮಹಡಿ ಮೇಲಿನ ಮನೆಯ ರಿಟೈರ್ಡ್ ಕಂಡಕ್ಟರು, ಶಾಲೆಯಲ್ಲಿ ಅಡುಗೆ ಮಾಡುವ ಎದುರುಮನೆಯಾಕೆ, ಆಕೆಯ ಅತ್ತೆ, ಮತ್ತೆ ಬಾಗಿಲಿಗೆ ಒರಗಿ ನಿಂತ ನಾನು. ನಿಮ್ಮಪ್ಪ ಕತೆ ಹೇಳುವ ರೀತಿ ನಿನಗೆ ಗೊತ್ತಲ್ಲ, ತಮಗೆ ಬೇಕಾದ್ದನ್ನು ಉಬ್ಬಿಸಿ, ಬೇಡದ್ದನ್ನು ನುಂಗಿ ನೀರು ಕುಡಿಯುತ್ತಾರೆ. ಅವರು ನುಂಗಿದ್ದನ್ನೂ ಸೇರಿಸಿ ನಾನು ಬರೆಯುತ್ತೇನೆ.

ಈ ತಿಂಗಳ ಕೊನೆಯೊಳಗೆ ಅಪ್ಪನಿಗೆ ಒಬ್ಬ ಡಾಕ್ಟರು ಸಿಗದಿದ್ದರೆ ತರಬೇತಿ ಬಿಟ್ಟು ಬಂದುಬಿಡುತ್ತೇನೆ ಅಂತ ನೀನು ಬರೆದ ಪತ್ರ ಬಂದಾಗಿನಿಂದ ನನಗೆ ಊಟ ಸೇರಿರಲಿಲ್ಲ. ಇನ್ನೂ ಐದು ತಿಂಗಳು ಉಳಿದಿರುವಾಗ ಬಿಟ್ಟು ಬಂದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲವೆಂದು ನನಗೂ ಗೊತ್ತು. ಆದರೆ ನಿಮ್ಮಪ್ಪನ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ಬೆಳಿಗ್ಗೆ ಎದ್ದರೆ ತಲೆ ಸುತ್ತು, ಒಂದು ದಿನ ಬಚ್ಚಲಲ್ಲಿ ಬಿದ್ದೂ ಬಿದ್ದರು. ನಮ್ಮ ಹಳೆಯ ಡಾಕ್ಟರು ವಯಸ್ಸಾಯಿತೆಂದು ಬಾಗಿಲು ಮುಚ್ಚಿದ ಮೇಲೆ ಒಂದು ಸಲ ಕೈಯಿಂದ ದುಡ್ಡು ಕೊಟ್ಟು ದೊಡ್ಡ ರಸ್ತೆಯ ಡಾಕ್ಟರಿಗೆ ತೋರಿಸಿದೆವು. ಅವರು ಕಂಪ್ಯೂಟರಿನ ಮುಖ ನೋಡಿಕೊಂಡೇ ಮಾತ್ರೆ ಬರೆದುಕೊಟ್ಟರು. ತಿಂಗಳು ತಿಂಗಳೂ ಹಾಗೆ ತೋರಿಸುವ ಶಕ್ತಿ ನಮಗೆಲ್ಲಿಂದ ಬರಬೇಕು? ಸರ್ಕಾರಿ ವಿಮೆ ಕಾರ್ಡು ತೆಗೆದುಕೊಳ್ಳುವ ಫಿಜಿಷಿಯನ್ನೇ ಬೇಕು, ಅಂದರೆ ಕತ್ತರಿ ಹಿಡಿಯದೆ ಒಳಗಿನದನ್ನೆಲ್ಲ ಒಟ್ಟಿಗೆ ನೋಡುವವರು.

ವಿಮೆ ಕಚೇರಿಯವರು ಹನ್ನೊಂದು ಹೆಸರಿನ ಪಟ್ಟಿ ಕೊಟ್ಟರು. ಒಂದೊಂದೇ ನಂಬರಿಗೆ ಫೋನು ಮಾಡಿದೆ. ಒಬ್ಬರು ತೀರಿಹೋಗಿ ಎರಡು ವರ್ಷವಾಗಿತ್ತು. ಇನ್ನೊಂದು ನಂಬರಿನಲ್ಲಿ ಟೈರ್ ಅಂಗಡಿಯವನು ಸಿಕ್ಕಿ, ಪಾಪ, ಬಹಳ ಮರ್ಯಾದೆಯಿಂದ ಮಾತಾಡಿ, ಟೈರು ಬೇಕಾದರೆ ಹೇಳಿ ಅಂದ. ಉಳಿದವರು ಕಾರ್ಡಿನವರಿಗೆ ಜಾಗವಿಲ್ಲ, ಆಸ್ಪತ್ರೆಯಲ್ಲಿ ಸೇರಿಕೊಂಡರೆ ಮಾತ್ರ ಕಾರ್ಡು ನಡೆಯುತ್ತದೆ ಅಂತ ಒಂದೊಂದು ರಾಗ ಹಾಡಿದರು. ಒಂದು ಕಡೆ ಮಾತ್ರ ಬನ್ನಿ ಅಂದರು. ಹೋದರೆ, ಚೀಟಿ ಕೊಡುವಾಕೆ ಎಲ್ಲರ ಎದುರಿಗೆ, “ಕಾರ್ಡಿನೋರು ಆ ಕಡೆ ಕೂತ್ಕೊಳ್ಳಿ” ಅಂತ ಮೂಲೆ ತೋರಿಸಿದಳು. ಎರಡು ಗಂಟೆ ಕೂರಿಸಿ, ಈ ಕಾರ್ಡು ಹೋದ ತಿಂಗಳಿಂದ ಇಲ್ಲಿ ನಡೆಯೋದಿಲ್ಲ ಅಂದಳು. ನಿಮ್ಮಪ್ಪ ಮನೆಗೆ ಬಂದು, ಕಾರ್ಡನ್ನು ತಮ್ಮ ಸಾಮಾನಿನ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳ ಕೆಳಗೆ ಹೂತಿಟ್ಟು, ತಮಗೆ ಏನೂ ಆಗಿಲ್ಲ, ಇನ್ನು ಡಾಕ್ಟರ ಸುದ್ದಿ ಎತ್ತಬೇಡ ಅಂದರು. ಈ ಭಾಗವನ್ನು ಅವರು ಮೆಟ್ಟಿಲ ಮೇಲೆ ಹೇಳಲಿಲ್ಲ.

ಮರುವಾರ ಮೂಲೆಯ ಇಸ್ತ್ರಿ ಅಂಗಡಿಯಾಕೆಯ ಹತ್ತಿರ ಬಟ್ಟೆ ತರಲು ಹೋದಾಗ ಮನಸ್ಸು ತಡೆಯದೆ ಎಲ್ಲ ಹೇಳಿಕೊಂಡೆ. ಅವಳು ಇಸ್ತ್ರಿ ಪೆಟ್ಟಿಗೆ ಒತ್ತುತ್ತಲೇ, “ಅಕ್ಕ, ಪಟ್ಟಿ ಹಿಡ್ಕೊಂಡು ಹೋದ್ರೆ ಡಾಕ್ಟರು ಸಿಗ್ತಾರಾ? ಕೋಟಿನ ತೋಳು ನೋಡ್ಬೇಕು” ಅಂದಳು. ಅವಳಲ್ಲಿಗೆ ಐದು ಡಾಕ್ಟರ ಬಿಳಿ ಕೋಟು ಬರುತ್ತವೆ. ನಾಲ್ಕು ಕೋಟು ಹೋದ ಹಾಗೇ ವಾಪಸು ಬರುತ್ತವಂತೆ, ತೋಳಿನ ಅಂಚು ಬೆಳ್ಳಗೆ, ಇಸ್ತ್ರಿಯ ಗೆರೆ ಕೂಡ ಮುರಿದಿರುವುದಿಲ್ಲ. ಐದನೆಯದರ ತೋಳು ಮಾತ್ರ ಮಣಿಕಟ್ಟಿನವರೆಗೆ ಮಾಸಿರುತ್ತದೆ, ಎದೆಬಡಿತ ಕೇಳುವ ಕೊಳವೆ ಉಜ್ಜಿ ಉಜ್ಜಿ ಕಾಲರು ಸವೆದಿರುತ್ತದೆ. ಅವರು ರೋಗಿಯನ್ನು ಮುಟ್ಟಿ ನೋಡುವವರು ಅಂತ ಅವಳ ಲೆಕ್ಕ. ಕಾರ್ಡೂ ತೆಗೆದುಕೊಳ್ಳುತ್ತಾರೆ, ತನ್ನ ಗಂಡನನ್ನು ಅಲ್ಲೇ ತೋರಿಸುತ್ತಿದ್ದೇನೆ ಅಂದಳು. ಎಲ್ಲಿ ಅಂದರೆ, ನಮ್ಮಿಂದ ಮೂರನೆಯ ಓಣಿ, ಯೂನಿಫಾರಂ ಅಂಗಡಿಯ ಮೇಲೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದೆನಲ್ಲ ಅನಿಸಿತು. ಪಟ್ಟಿ ಅಚ್ಚಾದ ಮೇಲೆ ಅವರು ವಿಮೆಗೆ ಸೇರಿದ್ದಂತೆ, ಅದಕ್ಕೇ ಹೆಸರಿರಲಿಲ್ಲ.

ಇಸ್ತ್ರಿ ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡೇ ಹೋದೆ. ಡಾಕ್ಟರಮ್ಮನಿಗೆ ನಲವತ್ತು ದಾಟಿರಬಹುದು. ಎಲ್ಲ ಕೇಳಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಯಜಮಾನರನ್ನು ಕರೆತನ್ನಿ ಅಂದರು. ಅವರು ಬರುವ ಗಂಡಸಲ್ಲ ಅಂದೆ. ಏನು ಕೆಲಸ ಮಾಡುತ್ತಾರೆ ಅಂತ ಕೇಳಿದರು. ನೀರಿನ ಪಂಪು ರಿಪೇರಿ ಅಂದೆ. ಸ್ವಲ್ಪ ಯೋಚನೆ ಮಾಡಿ, “ನಮ್ಮ ಪಂಪು ಸದ್ದು ಮಾಡ್ತಿದೆ ಅಂತ ಹೇಳಿ” ಅಂದರು. ಓದಿದವರೂ ಇಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ನಿಮ್ಮಪ್ಪ ಪೆಟ್ಟಿಗೆ ಹೊತ್ತುಕೊಂಡು ಹೊರಟರು. ಹಿಂದೆ ಹಿಂದೆ ನಾನು, ಮಾತ್ರೆಯ ಚೀಲ ಸೆರಗಿನ ಮರೆಯಲ್ಲಿ. ಯೂನಿಫಾರಂ ಅಂಗಡಿಯ ಕಟ್ಟಡದ ಹಿಂದಿನ ಪಂಪಿನ ಎದುರು ಮಂಡಿಯೂರಿ, ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಹಚ್ಚಿ, ಹಿಡಿಗೆ ಕಿವಿ ಕೊಟ್ಟು ಕೇಳಿದರು. ಎರಡು ನಿಮಿಷ ಕೇಳಿ, ಇದರಲ್ಲಿ ದೋಷವೇ ಇಲ್ಲವಲ್ಲ, ಯಾರು ಹೇಳಿದ್ದು ಅಂತ ಗೊಣಗಿದರು. ಆದರೆ ಏಳಲು ಆಗಲಿಲ್ಲ. ಗೋಡೆ ಹಿಡಿದು ಎದ್ದವರೇ ಕಣ್ಣು ಮುಚ್ಚಿ ನಿಂತುಬಿಟ್ಟರು. ಡಾಕ್ಟರಮ್ಮ ಪಕ್ಕದಲ್ಲೇ ಇದ್ದರು. ಅವರ ರಟ್ಟೆ ಹಿಡಿದು, “ಯಜಮಾನ್ರೇ, ಮೋಟರ್ ಚೆನ್ನಾಗಿದೆ ಅಂದ್ರಲ್ಲ, ಇನ್ನು ನಿಮ್ಮದು ನಾನು ಕೇಳ್ಲಾ?” ಅಂದರು. ನಿಮ್ಮಪ್ಪ ನನ್ನ ಕಡೆ ನೋಡಿದ ನೋಟ ಬರೆಯಲು ಬರುವಂಥದ್ದಲ್ಲ. ಆದರೂ ಒಳಗೆ ಹೋದರು. ಎದೆ, ಬೆನ್ನು, ಎಲ್ಲ ಕಡೆ ಕೊಳವೆ ಇಟ್ಟು ಆಕೆ ಕೇಳಿದ್ದು ಕಂಡು, ಈಕೆಯೂ ತಮ್ಮ ಹಾಗೇ ಬಿಚ್ಚುವ ಮೊದಲು ಕಿವಿ ಕೊಡುವವರು ಅಂತ ಅವರಿಗೆ ಅಲ್ಲೇ ನಂಬಿಕೆ ಬಂತಂತೆ. ಸ್ಪ್ಯಾನರುಗಳನ್ನು ಸರಿಸಿ ಕಾರ್ಡನ್ನು ತಾವೇ ತೆಗೆದುಕೊಟ್ಟರು.

ಆಮೇಲೆ ನಾನು ಚೀಲ ಸುರಿದೆ. ಡಾಕ್ಟರಮ್ಮ ಮಾತ್ರೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಎರಡು ಸ್ಟ್ರಿಪ್ಪುಗಳನ್ನು ಮಾತ್ರ ಬೇರೆ ಇಟ್ಟರು. ಒಂದು ಹಳೆಯ ಡಾಕ್ಟರು ಬರೆದದ್ದು, ಇನ್ನೊಂದು ದೊಡ್ಡ ರಸ್ತೆಯವರು ಬರೆದದ್ದು. ಬಣ್ಣ ಬೇರೆ, ಕಂಪನಿ ಬೇರೆ, ಒಳಗಿನ ಔಷಧಿ ಒಂದೇ, ಬಿ.ಪಿ.ಯದ್ದು. ದಿನಾ ಎರಡರಷ್ಟು ಹೋಗುತ್ತಿತ್ತು. ಕಾಲು ಊದಿದ್ದೂ ತಲೆ ಸುತ್ತಿದ್ದೂ ಅದಕ್ಕೇ ಇರಬೇಕು, ಆದರೂ ಹೃದಯ, ಮೂತ್ರಪಿಂಡ ಎಲ್ಲ ಪರೀಕ್ಷೆ ಮಾಡಿಸೋಣ ಅಂದರು. ಮಾಡಿಸಿದೆವು, ಕಾರ್ಡಿನಲ್ಲೇ. ಎಲ್ಲ ಸರಿಯಿದೆ. ಒಂದು ಮಾತ್ರೆ ನಿಲ್ಲಿಸಿ ಇವತ್ತಿಗೆ ಹನ್ನೆರಡು ದಿನ. ಊತ ಇಳಿದಿದೆ, ಚಪ್ಪಲಿ ಹಿಡಿಸುತ್ತದೆ, ನನ್ನ ಹೊಟ್ಟೆಗೆ ಹಾಲು ಹುಯ್ದಂತಾಗಿದೆ.

ಆ ಎರಡು ಮಾತ್ರೆಗಳನ್ನು ದಿನಾ ಬೆಳಿಗ್ಗೆ ಬಿಡಿಸಿ ಅವರ ಅಂಗೈಗೆ ಹಾಕುತ್ತಿದ್ದವಳು ನಾನೇ, ಪುಟ್ಟಿ. ಒಂದು ದಿನವೂ ತಪ್ಪಿಸಿದವಳಲ್ಲ. ಎದುರುಮನೆಯ ಅತ್ತೆ ಮೆಟ್ಟಿಲ ಮೇಲೆ, ಎರಡೆರಡು ಯಾಕೆ ನುಂಗಿದ್ರಿ ಅಂತ ಕೇಳಿಯೇಬಿಟ್ಟರು. ನಿಮ್ಮಪ್ಪ ನನ್ನ ಕಡೆ ತಿರುಗದೆ, “ನನ್ನ ಮರೆವು ಕಣ್ರೀ” ಅಂದರು. ಇದೂ ಅವರು ನುಂಗಿದ್ದರಲ್ಲಿ ಒಂದು.

ನೀನು ತರಬೇತಿ ಬಿಡುವ ಮಾತು ಇನ್ನು ಎತ್ತಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಹುಡುಗಿಯರಿಗೂ ನನ್ನ ಆಶೀರ್ವಾದ. ನೂರು ಕಾಲ ಚೆನ್ನಾಗಿರು.

ಇಂತಿ,
ನಿನ್ನ ಅಮ್ಮ

ಮರೆತ ಮಾತು, ಶುಕ್ರವಾರ ಮಧ್ಯಾಹ್ನ: ಪತ್ರ ಅಂಟಿಸುವ ಮೊದಲು ಇಷ್ಟು ಬರೆದುಬಿಡುತ್ತೇನೆ. ಇವತ್ತು ಬೆಳಿಗ್ಗೆ ಎಂಟಕ್ಕೆ, ಬಾಗಿಲು ತೆಗೆಯುವ ಮೊದಲೇ, ಯೂನಿಫಾರಂ ಅಂಗಡಿಯ ಮೆಟ್ಟಿಲಿನಲ್ಲಿ ಕಂಡಕ್ಟರು ನಿಂತಿದ್ದರು, ಅವರ ಹಿಂದೆ ಅಡುಗೆಯಾಕೆ, ಆಕೆಯ ಅತ್ತೆ, ಎಲ್ಲರ ಕೈಯಲ್ಲೂ ಕಾರ್ಡು, ಮಾತ್ರೆಯ ಚೀಲ. ಕೊನೆಯಲ್ಲಿ ನಾನು. ನಾಲ್ಕು ತಿಂಗಳಿಂದ ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಕೈ ಜೋಮು. ನಿನಗೆ ಬರೆದರೆ ಮೊದಲ ರೈಲು ಹತ್ತುತ್ತೀಯ ಅಂತ ಬರೆದಿರಲಿಲ್ಲ. ರಕ್ತ ಕಡಿಮೆ ಇದೆಯಂತೆ, ಮೂರು ತಿಂಗಳು ಮಾತ್ರೆ. ಇನ್ನೊಂದು ಪರೀಕ್ಷೆಯ ಉತ್ತರ ಸೋಮವಾರ ಬರುತ್ತದೆ, ಹೆದರುವಂಥದ್ದು ಕಾಣುವುದಿಲ್ಲ ಅಂದಿದ್ದಾರೆ. ಏನೇ ಬಂದರೂ ಮುಚ್ಚಿಡದೆ ಬರೆಯುತ್ತೇನೆ. ನೀನು ತರಬೇತಿಯ ಪರೀಕ್ಷೆ ಮುಗಿಸಿಕೊಂಡೇ ಬಾ. ಈಗ ನಮ್ಮನ್ನು ನೋಡುವವರು ಮೂರನೆಯ ಓಣಿಯಲ್ಲಿದ್ದಾರೆ.